ಊರು ಕೇಳಬೇಡಿ, ಆಟ ನೋಡಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಅವುಗಳಲ್ಲಿ 29ಕ್ಕೆ ಒಂದು ಊರಿನ ಹೆಸರಿದೆ, ಊರಿಲ್ಲದಿದ್ದರೆ ರಾಜ್ಯದ ಹೆಸರಾದರೂ ಇದೆ. ನ್ಯೂಯಾರ್ಕ್ ಯಾಂಕೀಸ್, ಬಾಸ್ಟನ್ ರೆಡ್ ಸಾಕ್ಸ್, ಟೆಕ್ಸಸ್ ರೇಂಜರ್ಸ್. ಮೂವತ್ತನೆಯ ತಂಡದ ಹೆಸರು ಬರೀ 'ಅಥ್ಲೆಟಿಕ್ಸ್'. ಯಾವ ಊರಿನದು ಅಂತ ಕೇಳಬೇಡಿ. ತಂಡದವರೇ ಹೇಳಿದ್ದಾರೆ, ಊರಿನ ಹೆಸರು ಸೇರಿಸದೆ ಬರೀ ಅಥ್ಲೆಟಿಕ್ಸ್ ಅಂತ ಕರೆದರೆ ಸಾಕು ಅಂತ. ಟಿವಿಯ ಸ್ಕೋರ್ ಪಟ್ಟಿಯಲ್ಲಿ 2024ರವರೆಗೆ 'ಓಎಕೆ' ಅಂತ ಬರುತ್ತಿತ್ತು, ಅಂದರೆ ಓಕ್ಲೆಂಡ್. 2025ರಿಂದ 'ಎಟಿಎಚ್' ಅಂತ ಬರುತ್ತಿದೆ.

ಇದನ್ನು ಬರೆಯುತ್ತಿರುವುದು 2025ರ ಆಗಸ್ಟ್‌ನಲ್ಲಿ. 162 ಪಂದ್ಯಗಳ ಸೀಸನ್‌ನಲ್ಲಿ ಮೂರನೇ ಎರಡು ಪಾಲು ಮುಗಿದಿದೆ. ಈ ತಂಡ ಆಡುತ್ತಿರುವುದು ಸ್ಯಾಕ್ರಮೆಂಟೊ ನದಿಯ ಆಚೆ ದಡದ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ. ಆದರೆ ಸ್ಯಾಕ್ರಮೆಂಟೊ ಹೆಸರು ಹಾಕಿಕೊಳ್ಳುವುದಿಲ್ಲ, ಯಾಕೆಂದರೆ ಅಲ್ಲಿರುವುದು ಮೂರು ವರ್ಷ ಮಾತ್ರ. ಮುಂದೆ ಹೋಗಲಿರುವ ಲಾಸ್ ವೇಗಸ್ ಹೆಸರು ಹಾಕಿಕೊಳ್ಳೋಣ ಅಂದರೆ ಅಲ್ಲಿ ಸ್ಟೇಡಿಯಂ ಇನ್ನೂ ಪಾಯದಲ್ಲಿದೆ. ಬಿಟ್ಟು ಬಂದ ಓಕ್ಲೆಂಡ್ ಹೆಸರು ಹಾಕಿಕೊಳ್ಳಲು ಮುಖವಿಲ್ಲ. ಹಾಗಾಗಿ ಜರ್ಸಿಯ ಒಂದು ತೋಳಿಗೆ ಸ್ಯಾಕ್ರಮೆಂಟೊ ಪಟ್ಟಿ, ಇನ್ನೊಂದು ತೋಳಿಗೆ ಲಾಸ್ ವೇಗಸ್ ಪಟ್ಟಿ. 57 ಸೀಸನ್ ಆಡಿದ, ನಾಲ್ಕು ಸಲ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಗೆದ್ದುಕೊಟ್ಟ ಊರಿಗೆ ತೋಳಿನಲ್ಲೂ ಜಾಗ ಸಿಗಲಿಲ್ಲ. ಮನುಷ್ಯನಿಗೆ ಇರುವುದೇ ಎರಡು ತೋಳು, ಮಾಲೀಕರಾದರೂ ಏನು ಮಾಡುತ್ತಾರೆ ಪಾಪ.

ಈ ತಂಡಕ್ಕೆ ಊರು ಬಿಡುವುದು ಹೊಸದಲ್ಲ. 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿತು. 1955ರಲ್ಲಿ ಕ್ಯಾನ್ಸಸ್ ಸಿಟಿಗೆ ಹೋಯಿತು. 1968ರಲ್ಲಿ ಓಕ್ಲೆಂಡ್‌ಗೆ ಬಂತು. ಹೋದಲ್ಲೆಲ್ಲ ಆ ಊರಿನ ಹೆಸರು ಹಾಕಿಕೊಂಡೇ ಆಡಿತು. ಯಾವ ಊರಿಗೂ ಸೇರದೆ ಆಡಬಹುದು ಅನ್ನುವ ಜ್ಞಾನೋದಯ ಆಗಿದ್ದು ಈ ವರ್ಷವೇ.

ಇದರಿಂದ ಮೊದಲು ತೊಂದರೆಗೆ ಬಿದ್ದದ್ದು ಅಭಿಮಾನಿಗಳ ಗಂಟಲು. ತಂಡದ ಹಳೆಯ ಸ್ಟೇಡಿಯಂ ಓಕ್ಲೆಂಡ್ ಕೊಲಿಸಿಯಂನ ಬಲಗಡೆ ಸ್ಟ್ಯಾಂಡಿನಲ್ಲಿ ಡ್ರಮ್ ಹೊಡೆಯುವ ಗುಂಪೊಂದಿತ್ತು. 'ಲೆಟ್ಸ್ ಗೋ ಓಕ್ಲೆಂಡ್' ಅನ್ನುವ ಅವರ ಕೂಗು ಬಾರ್ಟ್ ರೈಲಿನಿಂದ ಇಳಿಯುವಷ್ಟರಲ್ಲೇ ಕಿವಿಗೆ ಬೀಳುತ್ತಿತ್ತು. ಈಗ ಏನು ಕೂಗಬೇಕು? 'ಲೆಟ್ಸ್ ಗೋ ಇನ್ನೂ ನಿರ್ಧಾರವಾಗಿಲ್ಲ' ಅಂದರೆ ಡ್ರಮ್ಮಿನ ತಾಳಕ್ಕೆ ಕೂರುವುದಿಲ್ಲ. ಅದಕ್ಕೇ ಹಳಬರಲ್ಲಿ ಕೆಲವರು ಎಲ್ಲೇ ಪಂದ್ಯ ನೋಡಿದರೂ ಓಕ್ಲೆಂಡ್ ಹೆಸರನ್ನೇ ಕೂಗುತ್ತಾರೆ. ಪಕ್ಕದಲ್ಲಿ ಕೂತವರು 'ಆ ಹೆಸರಿನ ತಂಡ ಈಗ ಇಲ್ಲವಲ್ಲ' ಅಂತ ನೋಡುತ್ತಾರೆ.

ಈ ಅಭಿಮಾನಿಗಳು ಸೀಸನ್ ಬಗ್ಗೆ ಮಾತಾಡುವುದನ್ನು ಒಮ್ಮೆ ಕೇಳಬೇಕು. ಬೇರೆ ತಂಡಗಳವರ ಮಾತು ಸರಳ. ಗೆದ್ದರೆ ಖುಷಿ, ಸೋತರೆ ಬೈಗುಳ. ಇವರಿಗೆ ಒಂದೊಂದು ಹೋಮ್ ರನ್ನಿಗೂ, ಅಂದರೆ ನಮ್ಮ ಸಿಕ್ಸರ್‌ನಂತೆ ಚೆಂಡು ಗೋಡೆ ದಾಟುವ ಹೊಡೆತಕ್ಕೂ, ಧರ್ಮಸಂಕಟ. ಜುಲೈ 25ರಂದು ಹ್ಯೂಸ್ಟನ್‌ನಲ್ಲಿ ನಿಕ್ ಕರ್ಟ್ಸ್ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದ. ಹುಡುಗನಿಗೆ 22 ವರ್ಷ, ಇದು ಮೊದಲ ಸೀಸನ್. ಆರು ಸಲ ಬ್ಯಾಟ್ ಹಿಡಿದ, ಆರು ಸಲವೂ ಹಿಟ್. ಮೊದಲ ಸೀಸನ್‌ನಲ್ಲೇ ಹೀಗೆ ನಾಲ್ಕು ಹೋಮ್ ರನ್ ಹೊಡೆದವರು ಬೇಸ್‌ಬಾಲ್ ಇತಿಹಾಸದಲ್ಲಿ ಯಾರೂ ಇರಲಿಲ್ಲ. ಇಂಥ ಹುಡುಗ ಸಿಕ್ಕಿದರೆ ಬೇರೆ ಊರಿನವರು ಬೀದಿಯಲ್ಲಿ ಕುಣಿಯುತ್ತಾರೆ. ಇವರು ಏನು ಮಾಡಿದರು ಗೊತ್ತಾ? ಲೆಕ್ಕ ಹಾಕಿದರು.

"ಹುಡುಗ ಚೆನ್ನಾಗಿ ಆಡಿದರೆ ಟಿಕೆಟ್ ಮಾರಾಟ ಆಗುತ್ತೆ."

"ಆದರೆ ದುಡ್ಡು ಮಾಲೀಕನಿಗೆ."

"ಹಾಗಾದರೆ ಚೆನ್ನಾಗಿ ಆಡಬಾರದಾ?"

"ಆಡದಿದ್ದರೆ, ನೋಡಿ, ಈ ತಂಡಕ್ಕೆ ಜನವೇ ಇಲ್ಲ, ವೇಗಸ್‌ಗೆ ಬೇಗ ಹೋಗಬೇಕು ಅಂತಾನೆ."

"ಮತ್ತೇನು ಮಾಡೋಣ?"

"ಹುಡುಗ ಆಡಲಿ. ತಂಡ ಸೋಲಲಿ. ಟಿವಿ ಮ್ಯೂಟ್ ಮಾಡಿ ನೋಡೋಣ."

ಕೊನೆಗೆ ಹುಡುಗನೂ ಆಡಿದ, ತಂಡವೂ 15-3ರಿಂದ ಗೆದ್ದಿತು. ಅವತ್ತು ಎಷ್ಟು ಮನೆಗಳಲ್ಲಿ ಟಿವಿ ಮುಂದೆ ದೊಡ್ಡವರು ಬಾಯಿ ಮುಚ್ಚಿಕೊಂಡು ಕುಣಿದರೋ.

ಶಾರ್ಟ್‌ಸ್ಟಾಪ್ ಅನ್ನುವ ಜಾಗದಲ್ಲಿ ಫೀಲ್ಡಿಂಗ್ ಮಾಡುವ ಜೇಕಬ್ ವಿಲ್ಸನ್‌ನದು ಇನ್ನೂ ಚೆಂದ. ಇವನಿಗೂ ಇದು ಮೊದಲ ಪೂರ್ತಿ ಸೀಸನ್. ಆಯ್ದ ಆಟಗಾರರು ಆಡುವ ಜುಲೈನ ಆಲ್ ಸ್ಟಾರ್ ಪಂದ್ಯಕ್ಕೆ, ಲೀಗಿನ ಎರಡು ಬಣಗಳಲ್ಲೊಂದಾದ ಅಮೆರಿಕನ್ ಲೀಗ್ ಕಡೆಯಿಂದ ಮೊದಲಿಗೇ ಇಳಿದ. ಆ ಜಾಗಕ್ಕೆ ಆರಿಸುವವರು ಯಾರು? ಅಭಿಮಾನಿಗಳು, ಓಟು ಹಾಕಿ. ಅಂದರೆ 'ಅಭಿಮಾನಿಗಳೇ ಇಲ್ಲ' ಅಂತ ಊರು ಬಿಟ್ಟ ತಂಡದ ಹುಡುಗನನ್ನು ಆಲ್ ಸ್ಟಾರ್‌ಗೆ ಕಳಿಸಿದ್ದು ಅಭಿಮಾನಿಗಳ ಓಟು. ಇಷ್ಟು ಓಟು ಎಲ್ಲಿಂದ ಬಂತು ಅಂತ ತಂಡದ ಆಫೀಸಿನಲ್ಲಿ ಯಾರಾದರೂ ತನಿಖೆ ಮಾಡಿಸಿದರೋ ಇಲ್ಲವೋ.

ಮೇ ಮಧ್ಯದವರೆಗೂ ತಂಡದ ಗೆಲುವು ಸೋಲಿಗಿಂತ ಜಾಸ್ತಿ ಇತ್ತು. ಆಮೇಲೆ 21 ಪಂದ್ಯಗಳಲ್ಲಿ 20 ಸೋತರು. ಅಭಿಮಾನಿಗಳಿಗೆ ಆಗ ಎಂಥದೋ ನೆಮ್ಮದಿ. ಅಬ್ಬಾ, ಇದು ನಮಗೆ ಗೊತ್ತಿರುವ ತಂಡ. 2023ರಲ್ಲಿ 112 ಸೋಲು ನೋಡಿದವರಿಗೆ 20 ಯಾವ ಲೆಕ್ಕ? ಜುಲೈ 31ಕ್ಕೆ, ಗಂಟೆಗೆ 160 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಎಸೆಯುವ ಮೇಸನ್ ಮಿಲ್ಲರ್‌ನನ್ನು ಸ್ಯಾನ್ ಡಿಯಾಗೊಗೆ ಕೊಟ್ಟು, ಬದಲಿಗೆ ಎಳೆಯ ಹುಡುಗರನ್ನು ತೆಗೆದುಕೊಂಡರು. ಅವರಲ್ಲಿ ಮುಖ್ಯ ಹುಡುಗನಿಗೆ ವಯಸ್ಸು 18. ಅವನು ಪಳಗುವ ಹೊತ್ತಿಗೆ ತಂಡ ಎಲ್ಲಿರುತ್ತೋ ಶಿವನೇ ಬಲ್ಲ. ಅವನ ತಾಯಿ 'ಮಗನೇ, ಯಾವ ಊರಿಗೆ ಹೋಗ್ತಿದೀಯ?' ಅಂತ ಕೇಳಿದ್ದರೆ ಹುಡುಗ ಏನು ಹೇಳಿರಬಹುದು?

ಇನ್ನು ಸ್ಯಾಕ್ರಮೆಂಟೊದ ಸ್ಟೇಡಿಯಂ. ಸಟರ್ ಹೆಲ್ತ್ ಪಾರ್ಕ್ ಚೆಂದದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಸಂಜೆ ಹೊತ್ತು ಹುಲ್ಲಿನ ಮೇಲೆ ಬೆಡ್‌ಶೀಟ್ ಹಾಸಿಕೊಂಡು, ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ ಆಟ ನೋಡಬಹುದು. ಜನ ಹಿಡಿಯುವುದು ಸುಮಾರು 14,000, ಹುಲ್ಲಿನ ಮೇಲೆ ಕೂರುವವರನ್ನೂ ಸೇರಿಸಿ. ಇದು ಚಿಕ್ಕ ಲೀಗಿನ ಮೈದಾನ. ರಿವರ್ ಕ್ಯಾಟ್ಸ್ ಅನ್ನುವ ತಂಡದ ಮನೆ. ಈ ರಿವರ್ ಕ್ಯಾಟ್ಸ್ ಯಾರ ಕೈಕೆಳಗಿನ ತಂಡ? ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್. ಅಂದರೆ ಓಕ್ಲೆಂಡ್‌ನಿಂದ ಕೊಲ್ಲಿಯ ಆಚೆ ದಡದ ಪರಂಪರಾಗತ ಎದುರಾಳಿ. ಆ ಎದುರಾಳಿಯ ಮರಿ ತಂಡ ಊರಲ್ಲಿಲ್ಲದ ದಿನ ನೋಡಿಕೊಂಡು, ಒಂಬತ್ತು ವರ್ಲ್ಡ್ ಸೀರೀಸ್ ಗೆದ್ದ ತಂಡ ಅಲ್ಲಿ ಆಡುತ್ತದೆ. ಬಾಡಿಗೆ ಕೊಡುವ ಹಾಗಿಲ್ಲ ಅಂತ ಪತ್ರಿಕೆಗಳಲ್ಲಿ ಬಂದಿದೆ. ರಿವರ್ ಕ್ಯಾಟ್ಸ್‌ನ ಯಜಮಾನರು ಮುಂಬೈಯಲ್ಲಿ ಹುಟ್ಟಿ ಬೆಳೆದ ವಿವೇಕ್ ರಣದಿವೆ. ಮನೆಗೆ ಬಂದವರ ಹತ್ತಿರ ಬಾಡಿಗೆ ಕೇಳೋದು ಹೇಗೆ ಅಂತ ಅನ್ನಿಸಿರಬೇಕು. ಅತಿಥಿ ದೇವೋ ಭವ.

ಡ್ರೆಸ್ಸಿಂಗ್ ರೂಮ್ ಇರುವುದು ಎಡಗಡೆಯ ಬೌಂಡರಿ ಗೋಡೆಯ ಆಚೆ. ದೊಡ್ಡ ಲೀಗಿನ ಬೇರೆ ಮೈದಾನಗಳಲ್ಲಿ ಆಟಗಾರರು ಕೂರುವ ಜಾಗದ ಹಿಂದೆಯೇ ಇರುತ್ತದೆ. ಇಲ್ಲಿ ಮೈದಾನ ದಾಟಿ ನಡೆದು ಹೋಗಬೇಕು. ಬೇಸಿಗೆಯಲ್ಲಿ ಸ್ಯಾಕ್ರಮೆಂಟೊ ಬಿಸಿಲು 38 ಡಿಗ್ರಿ ದಾಟುತ್ತದೆ, ನಮ್ಮ ರಾಯಚೂರಿನವರಿಗೆ ಹೇಳಿದರೆ ನಕ್ಕಾರು, ಇರಲಿ. ಇನ್ನಿಂಗ್ಸ್ ಮಧ್ಯೆ ಎಸಿಯಲ್ಲಿ ಕೂತು ಬರೋಣ ಅಂದರೆ ಆಗುವುದಿಲ್ಲ. ಅಲ್ಲಿಯವರೆಗಿನ ತಂಡದ ಇತಿಹಾಸದಲ್ಲೇ ಅತಿ ದೊಡ್ಡ ಒಪ್ಪಂದ, ಮೂರು ವರ್ಷಕ್ಕೆ 6.7 ಕೋಟಿ ಡಾಲರ್, ಮಾಡಿಕೊಂಡು ಬಂದ ಪಿಚ್ಚರ್, ಅಂದರೆ ಚೆಂಡು ಎಸೆಯುವ, ಲೂಯಿಸ್ ಸೆವೆರಿನೊ ಇದನ್ನು ಬಾಯಿಬಿಟ್ಟು ಹೇಳಿಬಿಟ್ಟರು. ಇಲ್ಲಿ ಆಡುವಾಗ ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯದ ಹಾಗೆ ಅನ್ನಿಸುತ್ತೆ ಅಂತ. ಅವರ ಅಂಕಿ ಅಂಶವೂ ಅದನ್ನೇ ಹೇಳುತ್ತಿದೆ. ಪರವೂರಿನಲ್ಲಿ ಎಸೆದರೆ ಚೆನ್ನಾಗಿ ಎಸೆಯುತ್ತಾರೆ, 'ಮನೆ'ಯಲ್ಲಿ ಎಸೆದರೆ ಚೆಂಡು ಗೋಡೆ ದಾಟುತ್ತದೆ. ಎಲ್ಲವೂ ಪರವೂರೇ ಆಗಿರುವ ತಂಡದಲ್ಲಿ ಪಾಪ ಅವರೊಬ್ಬರು ವ್ಯತ್ಯಾಸ ಗುರುತಿಸುತ್ತಿದ್ದಾರೆ.

ಮಾರ್ಚ್ 31ರಂದು ಇಲ್ಲಿ ಮೊದಲ ಪಂದ್ಯ. ಶಿಕಾಗೊ ಕಬ್ಸ್ ಬಂದು 18-3ರಿಂದ ಹೊಡೆದು ಹೋದರು. ಗೃಹಪ್ರವೇಶಕ್ಕೆ ಬಂದವರೇ ಹಾಲು ಚೆಲ್ಲಿ ಹೋದರು ಅನ್ನಿ. ಆದರೆ ಮಾಲೀಕರಿಗೆ ಇದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊಗೆ ಬರುತ್ತೇವೆ ಅಂತ ಘೋಷಿಸುವಾಗ ಮಾಲೀಕ ಜಾನ್ ಫಿಶರ್ ಜನರಿಗೆ ಒಂದು ಆಸೆ ತೋರಿಸಿದರು. ಇಷ್ಟು ಆಪ್ತವಾದ ಮೈದಾನದಲ್ಲಿ ಏರನ್ ಜಡ್ಜ್‌ನಂಥವರು ಹೋಮ್ ರನ್ ಹೊಡೆಯುವುದನ್ನು ಕಣ್ಣಾರೆ ನೋಡಬಹುದು ಅಂತ. ಏರನ್ ಜಡ್ಜ್ ನ್ಯೂಯಾರ್ಕ್ ಯಾಂಕೀಸ್‌ನವರು. ಆ ಹೋಮ್ ರನ್ ಹೊಡೆಯುವುದು ಫಿಶರ್ ತಂಡದ ಪಿಚ್ಚರ್‌ಗೆ. ತನ್ನ ತಂಡ ಪೆಟ್ಟು ತಿನ್ನುವುದನ್ನು ಟಿಕೆಟ್ ಮಾರುವ ಅಂಶವಾಗಿ ಹೇಳಿದ ಮಾಲೀಕರು ಇನ್ನೊಬ್ಬರಿದ್ದರೆ ತಿಳಿಸಿ.

ಸ್ಯಾಕ್ರಮೆಂಟೊದಲ್ಲಿ ಪಂದ್ಯಕ್ಕೆ ಸರಾಸರಿ ಹತ್ತು ಸಾವಿರ ಜನವೂ ಬರುತ್ತಿಲ್ಲ. ಹೋದ ವರ್ಷ, ಬಿಟ್ಟು ಹೋಗುವುದು ಖಾತ್ರಿಯಾಗಿ, ಅಭಿಮಾನಿಗಳು ಸಿಟ್ಟಿನಿಂದ ಉರಿಯುತ್ತಿದ್ದಾಗಲೂ ಓಕ್ಲೆಂಡ್‌ನಲ್ಲಿ ಇದಕ್ಕಿಂತ ಜಾಸ್ತಿ ಜನ ಬಂದಿದ್ದರು. ಜನ ಬರುವುದಿಲ್ಲ ಅಂತ ಊರು ಬಿಟ್ಟು, ಇನ್ನೂ ಕಡಿಮೆ ಜನ ಬರುವ ಊರಿಗೆ ಹೋದದ್ದು ಹೇಗೆ ಅಂತ ಕೇಳಿದರೆ ನಿಮಗೆ ವ್ಯಾಪಾರ ಗೊತ್ತಿಲ್ಲ ಅಂತ ಅರ್ಥ.

ಜನ ಬರುವುದಿಲ್ಲ ಅನ್ನುವ ಮಾತಿನ ಕತೆಯನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ಆಟಗಾರರು ತಯಾರಾದ ಕೂಡಲೇ ಬೇರೆ ತಂಡಗಳಿಗೆ ಕೊಟ್ಟರು. ಸಂಬಳದ ಖರ್ಚು ಲೀಗಿನಲ್ಲೇ ತಳದಲ್ಲಿ. ಓಕ್ಲೆಂಡ್‌ನ ಸ್ಟೇಡಿಯಂನಲ್ಲಿ 2013ರಲ್ಲಿ ಒಳಚರಂಡಿ ಉಕ್ಕಿ ಆಟಗಾರರ ಸ್ನಾನದ ಮನೆಗೆ ನುಗ್ಗಿತ್ತು. 2023ರಲ್ಲಿ ಕಾಮೆಂಟರಿ ಹೇಳುವ ಕೋಣೆಯಲ್ಲಿ ಪಾಸಮ್ ಅನ್ನುವ ಪ್ರಾಣಿ ಸೇರಿಕೊಂಡು, ಎದುರು ತಂಡದ ಕಾಮೆಂಟರಿಯವರು ಬೇರೆ ಕಡೆ ಕೂರಬೇಕಾಯಿತು. ಕೊನೆಯವರೆಗೂ ಓಕ್ಲೆಂಡ್ ಬಿಡದೆ ಇದ್ದ ನಿವಾಸಿ ಅದೊಂದೇ. ಇಷ್ಟೆಲ್ಲ ಮಾಡಿ, ನೋಡಿ ಜನವೇ ಬರುತ್ತಿಲ್ಲ ಅಂದರು. ತಾನು ಬೆಣ್ಣೆ ತಿಂದು ಮೇಕೆ ಬಾಯಿಗೆ ಒರೆಸಿದ ಕೋತಿಗೆ ಅಮೆರಿಕದ ವೀಸಾ ಸಿಕ್ಕಿದ್ದು ಯಾವಾಗ ಅಂತ ಗೊತ್ತಾಗಲಿಲ್ಲ.

ಅಭಿಮಾನಿಗಳು ಆಗ ಒಂದು ತಮಾಷೆ ಮಾಡಿದರು. ಬಹಿಷ್ಕಾರ ಹಾಕಿದರೆ ಜನ ಇಲ್ಲ ಅಂತಾರಲ್ಲ, ಉಲ್ಟಾ ಬಹಿಷ್ಕಾರ ಹಾಕೋಣ ಅಂದರು. 2023ರ ಜೂನ್ 13, ಮಂಗಳವಾರ. 27,759 ಜನ ಬಂದರು. ಹಸಿರು ಟೀ ಶರ್ಟ್ ಹಾಕಿಕೊಂಡು, ತಂಡ ಮಾರು, ತಂಡ ಮಾರು ಅಂತ ಇಡೀ ರಾತ್ರಿ ಕೂಗಿದರು. ತಂಡ ಆವತ್ತು ಗೆದ್ದೂಬಿಟ್ಟಿತು, ಸತತ ಏಳನೇ ಗೆಲುವು. ಅದರ ಬಗ್ಗೆ ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರನ್ನು ಕೇಳಿದರು. ಒಂದು ರಾತ್ರಿಯ ಮಟ್ಟಿಗೆ ಹೆಚ್ಚುಕಡಿಮೆ ಲೀಗಿನ ಸರಾಸರಿಯಷ್ಟು ಜನ ಬಂದಿದ್ದು ನೋಡಿ ಖುಷಿಯಾಯಿತು ಅನ್ನುವ ಅರ್ಥದ ಮಾತು ಹೇಳಿದರು. ಬಂದರೂ ತಪ್ಪು, ಬಾರದಿದ್ದರೂ ತಪ್ಪು. ನವೆಂಬರ್‌ನಲ್ಲಿ, ತಂಡ ವೇಗಸ್‌ಗೆ ಹೋಗಬಹುದಾ ಅಂತ ಲೀಗಿನ 30 ಮಾಲೀಕರು ಓಟು ಹಾಕಿದರು. 30-0. ಊರು ಬಿಟ್ಟು ಹೋಗುವ ತಂಡ ಕಟ್ಟಬೇಕಾದ ಶುಲ್ಕವನ್ನೂ ಮನ್ನಾ ಮಾಡಿದರು. ಅಷ್ಟು ಒಗ್ಗಟ್ಟನ್ನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಇವತ್ತಿಗೂ ಕಂಡಿಲ್ಲ.

ಓಕ್ಲೆಂಡ್, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಈ ಪ್ರಕರಣದಲ್ಲಿ ಒಂದು ಪಾತ್ರವಿದೆ, ಅದು ಅವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ನಮ್ಮವರು ಜಾಸ್ತಿ ಇರುವ ಫ್ರೀಮಾಂಟ್‌ನಲ್ಲೇ ಈ ತಂಡಕ್ಕೆ ಸ್ಟೇಡಿಯಂ ಕಟ್ಟುವ ಮಾತು ನಡೆದಿತ್ತು. 2009ರಲ್ಲಿ ಕೈಬಿಟ್ಟರು. ಆಮೇಲೆ ಸ್ಯಾನ್ ಹೋಸೆಗೆ ಹೋಗುತ್ತೇವೆ ಅಂದರು. ಹೋಗುವ ಹಾಗಿಲ್ಲ, ಅದು ನಮ್ಮ ಸರಹದ್ದು ಅಂತ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನವರು ಕಾಗದ ತೋರಿಸಿದರು. ಸ್ಯಾನ್ ಹೋಸೆ ಇರುವ ಸ್ಯಾಂಟಾ ಕ್ಲಾರಾ ಕೌಂಟಿ ಜೈಂಟ್ಸ್‌ಗೆ ಹೇಗೆ ಸೇರಿತು? 1990ರ ಸುಮಾರಿಗೆ ಅಥ್ಲೆಟಿಕ್ಸ್‌ನ ಆಗಿನ ಮಾಲೀಕ ವಾಲ್ಟರ್ ಹಾಸ್ ಒಂದು ಪೈಸೆ ತೆಗೆದುಕೊಳ್ಳದೆ ಬಿಟ್ಟುಕೊಟ್ಟಿದ್ದರು. ಜೈಂಟ್ಸ್ ಆಗ ಹೊಸ ಸ್ಟೇಡಿಯಂ ಸಿಗದೆ ಒದ್ದಾಡುತ್ತಿತ್ತು, ಪಾಪ ಅಂತ ಉಪಕಾರ ಮಾಡಿದರು. ಜೈಂಟ್ಸ್ ಕೊನೆಗೆ ಅಲ್ಲಿಗೆ ಹೋಗಲಿಲ್ಲ, ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಉಳಿಯಿತು. ಕಾಗದ ಮಾತ್ರ ವಾಪಸ್ ಕೊಡಲಿಲ್ಲ. ಸ್ಯಾನ್ ಹೋಸೆ ನಗರಸಭೆ 2013ರಲ್ಲಿ ಕೋರ್ಟಿಗೆ ಹೋಯಿತು. ಬೇಸ್‌ಬಾಲ್‌ಗೆ ಏಕಸ್ವಾಮ್ಯ ತಡೆಯುವ ಕಾನೂನು ತಾಗುವುದಿಲ್ಲ ಅನ್ನುವ 1922ರ ತೀರ್ಪೊಂದು ಅಡ್ಡ ಬಂತು. 2015ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಹಾಗಾಗಿ ಸನ್ನಿವೇಲ್‌ನಲ್ಲಿ, ಕೂಪರ್ಟಿನೊದಲ್ಲಿ ಇರುವ ಕನ್ನಡಿಗರೇ, ಬೇಸ್‌ಬಾಲ್ ಅಂದರೆ ಏನು ಅಂತ ಗೊತ್ತಿಲ್ಲದಿದ್ದರೂ ನೀವು ದಾಖಲೆ ಪ್ರಕಾರ ಜೈಂಟ್ಸ್‌ನ ಕಡೆಯವರು. ಗ್ರೀನ್ ಕಾರ್ಡ್‌ಗೆ ಎಷ್ಟು ವರ್ಷ ಕಾಯಬೇಕೋ, ಇದು ಮಾತ್ರ ವಿಮಾನ ಇಳಿದ ದಿನವೇ ಸಿಕ್ಕಿದೆ. ಫ್ರೀಮಾಂಟ್‌ನಲ್ಲಿರುವವರು ಅಥ್ಲೆಟಿಕ್ಸ್ ಪಾಲಿಗೆ ಬಂದಿದ್ದರು, ಈಗ ಅವರು ಅನಾಥರು.

ಇನ್ನು ಲಾಸ್ ವೇಗಸ್. ಕೊಲಿಸಿಯಂನ ಕೊನೆಯ ಪಂದ್ಯಕ್ಕೆ, 2024ರ ಸೆಪ್ಟೆಂಬರ್ 26ರಂದು, 46,889 ಜನ ಬಂದಿದ್ದರು. ಮೈದಾನದ ಸಿಬ್ಬಂದಿ ಮಣ್ಣು ತೆಗೆದು ಕೊಟ್ಟರೆ ದೊಡ್ಡ ದೊಡ್ಡವರು ಕಣ್ಣು ಒರೆಸಿಕೊಂಡು ಲೋಟದಲ್ಲಿ ತುಂಬಿಕೊಂಡರು. ವೇಗಸ್‌ನ ಹೊಸ ಸ್ಟೇಡಿಯಂನಲ್ಲಿ ಹಿಡಿಯುವುದು 33,000 ಜನ. ಅದಕ್ಕೆ ನೆವಾಡ ಸರ್ಕಾರ 38 ಕೋಟಿ ಡಾಲರ್‌ವರೆಗೆ ಕೊಡುತ್ತದೆ, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ಕೋಟಿ ರೂಪಾಯಿಗೂ ಮೇಲೆ. ಶಾಲಾ ಶಿಕ್ಷಕರ ಸಂಘದವರು ಇದನ್ನು ಜನರ ಓಟಿಗೆ ಹಾಕಿ ಅಂದರು. ಅರ್ಜಿ ಬರೆದ ರೀತಿ ಸರಿಯಿಲ್ಲ ಅಂತ ನೆವಾಡ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಈ ದುಡ್ಡು ಪಡೆಯುವ ಫಿಶರ್, ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದ ದಂಪತಿಯ ಮಗ. ನಮ್ಮಲ್ಲಿ ಬಡವರ ಮನೆಗೆ ಎರಡು ಸಾವಿರ ಕೊಟ್ಟರೆ ಬಿಟ್ಟಿ ಭಾಗ್ಯ ಅಂತ ಟಿವಿಯಲ್ಲಿ ವಾರಗಟ್ಟಲೆ ಚರ್ಚೆ. ಅಲ್ಲಿ ಇದಕ್ಕೆ ಆರ್ಥಿಕ ಅಭಿವೃದ್ಧಿ ಅಂತ ಹೆಸರು.

ಅಲ್ಲಿ ಸ್ಟೇಡಿಯಂ ತುಂಬಿಸುವವರು ಯಾರು ಅಂದರೆ, ಪ್ರವಾಸಿಗಳು ಅನ್ನುತ್ತಾರೆ. ಜೂಜಾಡಲು ಬಂದ ಶಿಕಾಗೊದವರು, ನ್ಯೂಯಾರ್ಕ್‌ನವರು ಒಂದು ಸಂಜೆ ತಮ್ಮ ತಂಡದ ಆಟಕ್ಕೂ ಬರುತ್ತಾರಂತೆ. ಅಂದರೆ ಎದುರು ತಂಡದ ಅಭಿಮಾನಿಗಳು. ಏರನ್ ಜಡ್ಜ್ ಮಾತು ನೆನಪಾಯಿತಾ? ಈಗ ಪೂರ್ತಿ ಯೋಜನೆ ಅರ್ಥವಾಗುತ್ತದೆ. ಸ್ವಂತ ಅಭಿಮಾನಿಗಳಿದ್ದರೆ ಬೈಯುತ್ತಾರೆ, ಬ್ಯಾನರ್ ಹಿಡಿಯುತ್ತಾರೆ. ಎದುರಿನವರ ಅಭಿಮಾನಿಗಳು ದುಡ್ಡು ಕೊಟ್ಟು ಗೆದ್ದು ಖುಷಿಯಾಗಿ ಮನೆಗೆ ಹೋಗುತ್ತಾರೆ.

ಓಕ್ಲೆಂಡ್ ಬಿಡುವ ವಾರ ಫಿಶರ್ ಅಭಿಮಾನಿಗಳಿಗೆ ಒಂದು ಪತ್ರ ಬರೆದರು. ಹೃದಯದಿಂದ ಹೇಳುತ್ತಿದ್ದೇನೆ, ನಾವು ಪ್ರಯತ್ನಪಟ್ಟೆವು ಅಂತ. ತಂಡದ ಹಳೆಯ ಜಾಹೀರಾತಿನಲ್ಲಿ 'ಓಕ್ಲೆಂಡ್‌ನಲ್ಲೇ ಬೇರು ಬಿಟ್ಟಿದ್ದೇವೆ' ಅನ್ನುವ ಘೋಷಣೆ ಇತ್ತು, ಅದು ಯಾವ ಜಾತಿಯ ಗಿಡವೋ. ಅಭಿಮಾನಿಗಳು ಪತ್ರ ಓದಿದರು, ಮತ್ತೆ ಅದೇ ಕೂಗು ಹಾಕಿದರು. ತಂಡ ಮಾರು. ಸ್ಯಾಕ್ರಮೆಂಟೊಗೆ ಹೋದ ಮೇಲೂ ಕೂಗು ನಿಲ್ಲಲಿಲ್ಲ.

ಈ ಜೂನ್‌ನಲ್ಲಿ ಫಿಶರ್ ಕೊನೆಗೂ ಕಿವಿಗೊಟ್ಟರು. ತಂಡ ಮಾರಾಟಕ್ಕಿದೆ ಅಂತ ಪ್ರಕಟಣೆ ಬಂತು. ಅಭಿಮಾನಿಗಳ ಫೋನುಗಳು ಒಟ್ಟಿಗೆ ಟಿಂಗ್ ಅಂದವು. ತೆರೆದು ನೋಡಿದರೆ, ಮಾರಾಟಕ್ಕಿಟ್ಟಿದ್ದು ಸ್ಯಾನ್ ಹೋಸೆಯಲ್ಲಿರುವ ಅವರ ಫುಟ್‌ಬಾಲ್ ತಂಡ, ಅರ್ಥ್‌ಕ್ವೇಕ್ಸ್. ಅದನ್ನು ಸ್ಯಾನ್ ಹೋಸೆಯಲ್ಲೇ ಉಳಿಸಿಕೊಳ್ಳುವವರಿಗೆ ಕೊಡುವ ಆಸೆ ಅವರಿಗಿದೆಯಂತೆ. ತಂಡ ಅಂದಮೇಲೆ ಅದಕ್ಕೊಂದು ಊರು ಬೇಡವಾ?